ದೊಡ್ಡತಾಯಮ್ಮನ ಹದಿನೇಳು ಹುಟ್ಟು

ಹೊಳೆನರಸೀಪುರದ ಚಂದ್ರಯ್ಯನಿಗೆ ಕೆಲಸ ಹೋಗುವ ಕಾಲ ಬಂದದ್ದು ಅವನ ಕೈ ಮೆತ್ತಗಿದ್ದದ್ದರಿಂದ. ಹಳ್ಳಿಹಳ್ಳಿ ತಿರುಗಿ ಕೂಸುಗಳ ತೋಳಿಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವುದು ಅವನ ಕೆಲಸ. ಬೇರೆ ದಾಕಿನವರು ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ತೋಳಿನ ಮೇಲೆ ನಾಲ್ಕು ಕಡೆ ಗೀಚಿ, ಮದ್ದು ಸವರಿ, ಅದು ಅಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮನೆಯ ಬಾಗಿಲಲ್ಲಿರುತ್ತಿದ್ದರು. ಚಂದ್ರಯ್ಯ ಹಾಗಲ್ಲ. ಮೊದಲು ಕೂಸಿನ ಹೆಸರು ಕೇಳುತ್ತಿದ್ದ. ಗೀಚುವ ಚಾಕನ್ನು ದೀಪಕ್ಕೆ ಹಿಡಿದು, ಅದು ಪೂರಾ ಆರುವವರೆಗೆ ಕೂಸಿನ ಕೈಗೆ ತನ್ನ ಬೆರಳು ಕೊಟ್ಟು ಮಾತಾಡಿಸುತ್ತಿದ್ದ. ಕೂಸು ಒಂದು ಸಲ ನಕ್ಕ ಮೇಲೆಯೇ ಅವನು ಗೀಚುವುದು. ನಗದ ಕೂಸಾದರೆ ಸಂಜೆಯವರೆಗೂ ಕಾಯುತ್ತಿದ್ದ. ಹೀಗಾಗಿ ಬೇರೆಯವರು ದಿನಕ್ಕೆ ನಲವತ್ತು ಮುಗಿಸಿದರೆ ಇವನದು ಒಂಬತ್ತೋ ಹತ್ತೋ.

ಇನ್ಸ್‌ಪೆಕ್ಟರ್ ದೇವರಾಜು ಎರಡು ಮೆಮೊ ಕೊಟ್ಟಾಗಿತ್ತು. ಎರಡನೆಯದರ ಕೊನೆಗೆ ಕೆಂಪು ಮಸಿಯಲ್ಲಿ, ‘ಈ ಸಲದ ಪಟ್ಟಿಯಲ್ಲಿ ಒಂದೇ ಒಂದು ಶಿಶು ತಪ್ಪಿದರೂ ಕೆಲಸದಿಂದ ವಜಾ’ ಎಂದು ಬರೆದಿದ್ದ. ವಜಾ ಆದರೆ ಚಂದ್ರಯ್ಯನಿಗೆ ಉಳಿಯುತ್ತಿದ್ದದ್ದು ಅಣ್ಣನ ಬೆಲ್ಲದ ಮಂಡಿ. ಅಲ್ಲಿ ನೊಣ ಓಡಿಸುತ್ತಾ ಕೂರಬೇಕು. ಅಣ್ಣನೋ, ಬಂದ ಗಿರಾಕಿಗಳಿಗೆಲ್ಲ ‘ಇವನು ನನ್ನ ತಮ್ಮ, ಸರ್ಕಾರ ಬೇಡ ಅಂದದ್ದಕ್ಕೆ ಇಲ್ಲಿ ಕೂರಿಸಿದ್ದೀನಿ’ ಎಂದು ಪರಿಚಯ ಮಾಡಿಸುವಂಥವನು. ಹದಿನೆಂಟು ವರ್ಷ ಕೂಸುಗಳ ನಗು ಕಾಯ್ದವನಿಗೆ ಬೆಲ್ಲದ ನೊಣ ಕಾಯುವುದೆಂದರೆ ಎದೆಯೇ ಒಡೆಯುವಂಥ ಮಾತು.

ಸಾವಿರದ ಒಂಬೈನೂರ ನಲವತ್ತನೆಯ ಇಸವಿ. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಪಟ್ಟಿ ಕೈಗೆ ಬಂತು. ಚಂದ್ರಯ್ಯ ಅದನ್ನು ಮೂರು ಸಲ ಓದಿ, ಹೆಂಡತಿ ನೀಲಾಂಬಿಕೆಗೂ ಓದಿ ಹೇಳಿದ.

“ತೊಗರಿಕಟ್ಟೆ ಗ್ರಾಮ. ಹುಟ್ಟು, ಹದಿನೇಳು. ಗಂಡು ಹತ್ತು, ಹೆಣ್ಣು ಏಳು. ಎಲ್ಲಾ ಒಂದೇ ಮನೆ. ಮನೆಯವರ ಹೆಸರು ದೊಡ್ಡತಾಯಮ್ಮ.”

“ಸೂಲಗಿತ್ತಿ ಇರಬೇಕು ಬಿಡಿ. ಹೆರಿಗೆಗೆ ಎಲ್ಲರೂ ಅವಳ ಮನೆಗೇ ಹೋಗ್ತಾರೇನೋ.”

“ತಂದೆ ಹೆಸರು ಹಲಸಯ್ಯ ಅಂತ ಒಂದೇ ಇದೆಯಲ್ಲೇ. ಹದಿನೇಳಕ್ಕೂ.”

ಬುತ್ತಿ ಕಟ್ಟುತ್ತಿದ್ದ ನೀಲಾಂಬಿಕೆ ಒಂದು ಗಳಿಗೆ ಕೈ ನಿಲ್ಲಿಸಿದಳು. “ಹಾಗಾದ್ರೆ ಆ ಹಲಸಯ್ಯನ ಹತ್ರ ಜಾಸ್ತಿ ಮಾತಿಟ್ಟುಕೋಬೇಡಿ” ಎಂದಳು. ಆಮೇಲೆ ಒಳಗೆ ಹೋಗಿ ಒಂದು ಪೊಟ್ಟಣದಲ್ಲಿ ಕೊಬ್ಬರಿ, ಬೆಲ್ಲ, ಒಣಶುಂಠಿ ಕಟ್ಟಿ ತಂದಳು. “ಆ ತಾಯಿಗೆ ಕೊಡಿ. ಪಾಪ, ಸೊಂಟ ಹೇಗಿದೆಯೋ ಏನೋ.”

ಹರದನಹಳ್ಳಿ ದಾಟಿ ಎರಡು ಮೈಲಿ ನಡೆದರೆ ತೊಗರಿಕಟ್ಟೆ. ಊರ ಮುಂದಿನ ಕಣದಲ್ಲಿ ಬೋರಪ್ಪನೆಂಬ ಒಕ್ಕಲಿಗ ರಾಗಿ ತೂರುತ್ತಿದ್ದ. ಹೆಗಲಿನಲ್ಲಿ ಚೀಲ ಹೊತ್ತ ಸರ್ಕಾರದವರನ್ನು ಕಂಡು ಮೊರ ಕೆಳಗಿಟ್ಟ.

“ಇಲ್ಲಿ ಹಲಸಯ್ಯನವರ ಮನೆ ಯಾವುದಪ್ಪ?”

“ಅಲಸಯ್ಯನಾ? ಅಂಗನ್ನೋರು ಯಾರೂ ಇಲ್ವಲ್ಲ ಸಾ.”

“ದೊಡ್ಡತಾಯಮ್ಮ ಅನ್ನೋರು?”

“ಅವ್ಳವ್ಳೆ. ಅಗಾ, ಆ ಮರದ ಪಕ್ಕದ ಮನೆ.”

“ಅವರ ಮನೇಲಿ ಹದಿನೇಳು ಹುಟ್ಟು ಅಂತ ಬರೆದಿದೆ. ನಿಜವೇನಪ್ಪ?”

“ಹದಿನೇಳೋ ಹದಿನೆಂಟೋ, ನಾನೇನು ಎಣಿಸಿಲ್ಲ. ಓದ ಮಳೆಗಾಲದಾಗೆ ಆದವು ಅಷ್ಟಿರ್ಬೈದು.”

“ಒಂದೇ ಮಳೆಗಾಲದಲ್ಲಿ?”

“ಕೈ ಕೂತ್ರೆ ವಾರಕ್ಕೆ ಎರಡಾಯ್ತವೆ ಸಾ. ಈಗ ಕಣ್ಣು ಮಂಜು, ಒಂದಾದ್ರೆ ಹೆಚ್ಚು.”

ಚಂದ್ರಯ್ಯ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡ. “ಎಲ್ಲಾ ಆರೋಗ್ಯವಾಗಿವೆಯೋ?”

“ಚೆಂದಾಗವೆ. ಎಣ್ಣೆ ಸವರಿ ಬಿಸ್ಲಿಗಾಕವ್ಳೆ, ಓಗಿ ನೋಡಿ. ಒಂದು ಮಾತ್ರ ತಲೆ ಸೀಳ್ಕತ್ತು ಅಂತ ಒಲೆಗಾಕ್ಬುಟ್ಲು.”

ಚಂದ್ರಯ್ಯ ಒಂದು ಕೈಯಲ್ಲಿ ಮದ್ದಿನ ಚೀಲ, ಇನ್ನೊಂದರಲ್ಲಿ ಕೊಬ್ಬರಿ ಬೆಲ್ಲದ ಪೊಟ್ಟಣ ಹಿಡಿದು ಓಡಿದ.

ಮರದ ಪಕ್ಕದ ಮನೆಯ ಅಂಗಳದಲ್ಲಿ ಈಚಲ ಚಾಪೆ ಹಾಸಿತ್ತು. ಚಾಪೆಯ ಮೇಲೆ, ಹುಚ್ಚೆಳ್ಳೆಣ್ಣೆಯಲ್ಲಿ ಮಿರಮಿರ ಮಿಂಚುತ್ತಾ, ಹದಿನೇಳು ಮರದ ಸೌಟುಗಳು ಬಿಸಿಲು ಕಾಯಿಸುತ್ತಿದ್ದವು. ಜಗಲಿಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬಳು ಕಾಲುಬೆರಳ ನಡುವೆ ಮರದ ತುಂಡೊಂದನ್ನು ಇರುಕಿಕೊಂಡು ಉಳಿಯಿಂದ ಕೆತ್ತುತ್ತಿದ್ದಳು.

“ದೊಡ್ಡತಾಯಮ್ಮ…”

“ನಾನೇಯ. ಹುಟ್ಟು ಬೇಕಿತ್ತಾ ಅಯ್ನೋರೆ?”

ನಮ್ಮಲ್ಲಿ ಮಾತು ಎರಡು ಮೈಲಿಗೊಂದು ಬಣ್ಣ. ಹೊಳೆನರಸೀಪುರದ ಪೇಟೆಯಲ್ಲಿ ಕಬ್ಬಿಣದ್ದಾಗಲಿ ಮರದ್ದಾಗಲಿ ಸೌಟು ಅಂದರೆ ಸೌಟು. ತೊಗರಿಕಟ್ಟೆಯಲ್ಲಿ ಮಾತ್ರ ಮರದ ಸೌಟಿಗೆ ಹುಟ್ಟು ಎಂದೇ ಹೆಸರು. ಕೂಸಿನ ವಿಚಾರಕ್ಕೆ ಆ ಊರಲ್ಲಿ ಯಾರೂ ಆ ಮಾತು ಬಳಸುತ್ತಿರಲಿಲ್ಲ. ಕೂಸು ‘ಆಗುತ್ತಿತ್ತು’. ಹುಟ್ಟು ಮಾತ್ರ ದೊಡ್ಡತಾಯಮ್ಮನ ಜಗಲಿಯಲ್ಲಿ ತಯಾರಾಗುತ್ತಿತ್ತು.

ಚಂದ್ರಯ್ಯ ಚಾಪೆಯ ಅಂಚಿನಲ್ಲಿ ಕುಸಿದು ಕೂತ. ಅವನ ಮುಖ ನೋಡಿ ದೊಡ್ಡತಾಯಮ್ಮ ಏನೂ ಕೇಳದೆ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಅವನು ಕುಡಿದು ಮುಗಿಸುವವರೆಗೆ, ಬಿಸಿಲು ಅವನ ಮೇಲೆ ಬೀಳದ ಹಾಗೆ ಸುಮ್ಮನೆ ಅಡ್ಡ ನಿಂತಿದ್ದಳು.

“ಹತ್ತು ಗಂಡು, ಏಳು ಹೆಣ್ಣು” ಎಂದ ಚಂದ್ರಯ್ಯ, ಸೋತ ದನಿಯಲ್ಲಿ.

“ಊಂ. ಚಪ್ಪಟೆ ಇರೋದು ಗಂಡು, ಮಗುಚಾಕೆ, ತಿರುವಾಕೆ. ಬಟ್ಟಲಂಗೆ ಗುಳಿ ಇರೋದು ಹೆಣ್ಣು, ಸಾರು ಬಡ್ಸಾಕೆ. ನೋಡಿ ಇದ ಮುಟ್ಟಿ. ಗರಗತ್ತಿ ಎಲೆಯಾಗೆ ಮೂರು ದಿನ ಉಜ್ಜೀನಿ. ಕೂಸಿನ ಕೆನ್ನೆಯಂಗಿಲ್ವಾ?”

ಇತ್ತು. ಚಂದ್ರಯ್ಯನಿಗೆ ಕೂಸುಗಳ ಕೆನ್ನೆ ಚೆನ್ನಾಗಿ ಗೊತ್ತು. ಹಿಡಿಯ ತುದಿಯಲ್ಲಿ ಗಿಳಿಯೊಂದು ಕತ್ತು ತಿರುಗಿಸಿ ತನ್ನದೇ ಬೆನ್ನು ಕೆರೆದುಕೊಳ್ಳುತ್ತಿತ್ತು. ಇನ್ನೊಂದರಲ್ಲಿ ಬಾಳೆಮೂತಿ, ಮತ್ತೊಂದರಲ್ಲಿ ಬಳ್ಳಿಯ ಮೇಲೆ ಬಳ್ಳಿ. ದೊಡ್ಡತಾಯಮ್ಮನ ತವರು ಜಿನನಾಥಪುರ. ಚಿಕ್ಕಂದಿನಲ್ಲಿ ಎಮ್ಮೆ ಕಾಯುತ್ತಾ ಬಸದಿಯ ಗೋಡೆಯಲ್ಲಿ ನೋಡಿದ್ದ ಹೂವು ಬಳ್ಳಿಯನ್ನೆಲ್ಲ ಅವಳು ಹಲಸಿನ ಮರಕ್ಕೆ ಇಳಿಸಿದ್ದಳು. ಸುತ್ತಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಅವಳದೊಂದು ಹುಟ್ಟು ಇಡುತ್ತಿದ್ದರು. ಮಾಘ ಫಾಲ್ಗುಣದ ಮದುವೆಗಳಿಗೆಂದು ಮಳೆಗಾಲವಿಡೀ ಕೆತ್ತಿ ಕೂಡಿಟ್ಟವು ಇವು.

ಪಟೇಲ ಚನ್ನಪ್ಪನಿಗೆ ಹೇಳಿಕಳಿಸಿದರು. ಅಪ್ಪ ತೀರಿಕೊಂಡ ಮೇಲೆ ಪಟೇಲಿಕೆಗೆ ಬಂದು ಅವನಿಗೆ ಒಂದೇ ವರ್ಷ. ಅಕ್ಷರ ದುಂಡಗೆ, ಮನಸ್ಸು ನೇರ. ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡೇ ಬಂದ.

“ಗೌಡ್ರೆ, ಇದೇನು ಮಾಡಿದಿರಿ?”

“ಎರಡು ಕಾಗದ ಒಟ್ಗೇ ಬಂದ್ವು ಸಾ. ಒಂದ್ರಾಗೆ ‘ಗ್ರಾಮದಲ್ಲಿ ಆದ ಹುಟ್ಟು’ ಅಂತಿತ್ತು. ಇನ್ನೊಂದ್ರಾಗೆ ‘ಮನೆಗಳಲ್ಲಿ ಕೈಯಾರೆ ತಯಾರಾದ ಇತರೆ’ ಅಂತಿತ್ತು. ಇತರೆ ಏನೂ ಇರ್ಲಿಲ್ಲ, ಖಾಲಿ ಬುಟ್ಟೆ. ಹುಟ್ಟು ಮಾತ್ರ ಒಂದೂ ಬುಡ್ದಂಗೆ ಎಣಿಸಿ ಬರ್ದೀನಿ.”

“ಹಲಸಯ್ಯ ಯಾರು?”

“ತಂದೆ ಯಾರು ಅಂತ ಕೇಳಿದ್ರು. ಹುಟ್ಟಿಗೆ ತಂದೆ ಅಂದ್ರೆ ಅದು ಬಂದ ಮರ ತಾನೆ ಸಾ? ಅಲಸು ಅಂತ ಬರ್ದೆ. ಅಯ್ಯ ಸೇರ್ಸಿದ್ದು ನಾನಲ್ಲ.”

“ಅದು ನಕಲು ಮಾಡಿದವರು ಮರ್ಯಾದೆಗೆ ಸೇರಿಸಿರಬೇಕು” ಎಂದು ಚಂದ್ರಯ್ಯ ಹಣೆ ಹಿಡಿದುಕೊಂಡ. “ಇದನ್ನು ಹೊಡೆದುಹಾಕಿ ಗೌಡ್ರೆ. ಹದಿನೇಳರಲ್ಲಿ ಒಂದು ತಪ್ಪಿದರೂ ನನ್ನ ಕೆಲಸ ಹೋಗ್ತದೆ.”

“ಬರ್ದಿದ್ದ ಹೊಡೆದಾಕಾಕೆ ಪಟೇಲನಿಗೆ ಅಧಿಕಾರ ಇಲ್ಲ ಸಾ, ಮೊದಲ್ನೇ ಪುಟದಾಗೇ ಅಚ್ಚಾಗದೆ. ಸಾವು ಅಂತ ಬೇಕಾರೆ ಬರ್ಕಬೈದು.”

ದೊಡ್ಡತಾಯಮ್ಮ ಉಳಿ ಹಿಡಿದೇ ಎದ್ದಳು. “ಲೇ ಚನ್ನಪ್ಪ, ಸಾವು ಅಂತ ಬರ್ದೀಯೇನ್ಲಾ? ನಿನ್ ಬಾಯಿಗೆ ಮಣ್ಣಾಕ! ನನ್ ಹುಟ್ಟು ಮೂರು ತಲೆಮಾರು ಬಾಳ್ತವೆ ಕಣ್ಲಾ. ನಿಮ್ಮವ್ವ ಇವತ್ತೂ ಮುದ್ದೆಗೆ ಹಿಡ್ಯೋದು ಯಾರದು?”

“ನಿಂದೇ ಕಣವ್ವ” ಎಂದು ಪಟೇಲ ಎರಡು ಹೆಜ್ಜೆ ಹಿಂದೆ ಸರಿದ.

ಸಾವು ಬರೆಯುವುದು ಚಂದ್ರಯ್ಯನಿಗೂ ಒಗ್ಗಲಿಲ್ಲ. ಒಂದೇ ಮನೆಯಲ್ಲಿ ಹದಿನೇಳು ಶಿಶುಗಳು ಸತ್ತವೆಂದರೆ ಹಾಸನದಿಂದ ದೊಡ್ಡ ಡಾಕ್ಟರು ಬರುತ್ತಾರೆ, ಪಿಡುಗು ಬಂತೆಂದು ಊರನ್ನೇ ಎಬ್ಬಿಸಿ ಬಯಲಿನ ಗುಡಿಸಲಿಗೆ ಹಾಕುತ್ತಾರೆ. ಅಷ್ಟರಲ್ಲಿ ಎದುರು ಮನೆಯಿಂದ ಕೂಸೊಂದು ಅಳುವ ಸದ್ದು ಕೇಳಿಸಿತು. ಹದಿನೆಂಟು ವರ್ಷದ ಅಭ್ಯಾಸ, ಚಂದ್ರಯ್ಯನ ಕತ್ತು ತಾನಾಗಿ ತಿರುಗಿತು.

“ಅದು ಯಾರ ಕೂಸು?”

“ಸುಬ್ಬಮ್ಮಂದು. ಐದು ತಿಂಗ್ಳು.”

“ಪಟ್ಟಿಯಲ್ಲಿ ಇಲ್ಲವಲ್ಲ?”

ಪಟೇಲ ನಕ್ಕ. “ಅದ್ಯಾಕೆ ಪಟ್ಟಿ ಸಾ? ಊರಿಗೆಲ್ಲ ಗೊತ್ತಲ್ಲ.”

ಎಣಿಸಿದರೆ ಊರಲ್ಲಿ ನಿಜವಾದ ಕೂಸುಗಳು ಒಂಬತ್ತಿದ್ದವು. ಸರ್ಕಾರದ ಲೆಕ್ಕದಲ್ಲಿ ಒಂದೂ ಇರಲಿಲ್ಲ.

ಚಂದ್ರಯ್ಯ ಅಲ್ಲೇ ಜಗಲಿಯ ಮೇಲೆ ಕೂತು ಇನ್ಸ್‌ಪೆಕ್ಟರಿಗೆ ಕಾಗದ ಬರೆದ. ಮೇಲಿನವರಿಗೆ ‘ತಾವು ಸೌಟುಗಳಿಗೆ ದಾಕು ಹಾಕಲು ಕಳಿಸಿದ್ದೀರಿ’ ಎಂದು ನೇರವಾಗಿ ಬರೆಯುವುದು ಹೇಗೆ? ಅವರ ಮರ್ಯಾದೆಗೂ ಕುಂದು ಬರಬಾರದೆಂದು ನಯವಾಗಿ ಬರೆದ: ‘ತೊಗರಿಕಟ್ಟೆಯ ಹದಿನೇಳು ಹುಟ್ಟುಗಳೂ ಹಲಸಿನ ಜಾತಿಯವಾಗಿದ್ದು, ದಾಕು ಹಾಕುವುದು ಉಚಿತವೋ ಹೇಗೆಂದು ತಿಳಿಸಬೇಕಾಗಿ ಬೇಡಿಕೆ.’ ಹೊಳೆನರಸೀಪುರದ ಸಂತೆಗೆ ಹೊರಟಿದ್ದ ಬೋರಪ್ಪ ಕಾಗದವನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡು ಹೋದ.

ಮಾರನೆಯ ಸಂಜೆ ಅದೇ ರುಮಾಲಿನಲ್ಲಿ ಉತ್ತರ ಬಂತು. ಕೆಂಪು ಮಸಿ.

‘ನಿಮ್ಮಂಥ ಅನುಭವಸ್ಥರು ಇಂಥ ಪ್ರಶ್ನೆ ಕೇಳಿದ್ದು ನಾಚಿಕೆಗೇಡು. ಹಲಸಿನವರಾಗಲಿ ಯಾರಾಗಲಿ, ದಾಕಿಗೆ ಜಾತಿಭೇದವಿಲ್ಲ. ಹದಿನೇಳಕ್ಕೂ ಹಾಕತಕ್ಕದ್ದು. ದಾಕು ಕಚ್ಚಿ ಗುರುತು ಬಿದ್ದಿದೆಯೋ ಇಲ್ಲವೋ ಎಂದು ಎಂಟನೆಯ ದಿನ ಖುದ್ದು ಬಂದು ಒಂದೊಂದನ್ನೂ ನೋಡುತ್ತೇನೆ.’

“ಒಳ್ಳೇ ಮನುಷ್ಯ” ಎಂದ ಪಟೇಲ, ಮನಸಾರೆ. “ಜಾತಿ ನೋಡಲ್ಲ.”

ಕೆಲಸ ಮುಗಿಯುವವರೆಗೆ ಚಂದ್ರಯ್ಯ ಪಟೇಲನ ಮನೆಯಲ್ಲೇ ಉಳಿದುಕೊಂಡಿದ್ದ. ಬೆಳಗಾದ ಮೇಲೆ ಮದ್ದಿನ ಗಾಜಿನ ಕೊಳವೆಗಳನ್ನು ಒದ್ದೆ ಬಟ್ಟೆಯಿಂದ ಬಿಚ್ಚಿ ಎಣಿಸಿದ. ಹದಿನೇಳಕ್ಕೆ ಆಗುವಷ್ಟು, ಹೆಚ್ಚಿಲ್ಲ. ಇನ್ನೆರಡು ದಿನ ಕಳೆದರೆ ಕೆಡುತ್ತದೆ. ಮರಕ್ಕೆ ಸವರಿದರೆ ಹುಕುಂ ಪಾಲಿಸಿದ ಹಾಗೆ. ಎದುರು ಮನೆಯ ಕೂಸಿಗೆ ಹಾಕಿದರೆ ಪಟ್ಟಿಯಲ್ಲಿಲ್ಲದ್ದಕ್ಕೆ ಹಾಕಿದ ಹಾಗೆ. ಬೆಲ್ಲದ ಮಂಡಿಯ ನೊಣಗಳು ಕಿವಿಯ ಹತ್ತಿರವೇ ಗುಂಯ್ ಎಂದವು. ಆದರೂ ಅವನು ಎದ್ದು, ಚೀಲ ಹೆಗಲಿಗೇರಿಸಿ, ಸುಬ್ಬಮ್ಮನ ಬಾಗಿಲಿಗೆ ಹೋಗಿ, “ತಾಯಿ, ಮಗುವಿನ ಹೆಸರೇನು?” ಎಂದ.

ಒಂಬತ್ತು ಕೂಸಿಗೆ ಎರಡು ದಿನ ಹಿಡಿಯಿತು. ಸುಬ್ಬಮ್ಮನ ಮಗನಂತೂ ನಗಲೇ ಇಲ್ಲ. ಚಂದ್ರಯ್ಯ ಕೋಳಿಯ ಹಾಗೆ ಕೂಗಿದ, ಎಮ್ಮೆಯ ಹಾಗೆ ಕೂಗಿದ. ಕೊನೆಗೆ ಸುಸ್ತಾಗಿ ಆಕಳಿಸಿದಾಗ ಕೂಸು ಅವನ ಬಾಯಿ ನೋಡಿ ಕಿಲಕಿಲ ಎಂದಿತು. ಅಳಿದುಳಿದ ಮದ್ದನ್ನು, ಹಿಂದಿನ ದಾಕು ಸರಿಯಾಗಿ ಕಚ್ಚದಿದ್ದ ದೊಡ್ಡ ಮಕ್ಕಳಿಗೆ ಹಾಕಿ ಕೊಳವೆ ಖಾಲಿ ಮಾಡಿದ.

ಇನ್ನು ಹದಿನೇಳು ಹುಟ್ಟಿನ ಪಾಡು. ಚಾಕು ಹಿಡಿದು ಒಂದನ್ನು ಎತ್ತಿಕೊಂಡವನನ್ನು ದೊಡ್ಡತಾಯಮ್ಮ ತಡೆದಳು.

“ನೀವು ಗೀಚ್ಬ್ಯಾಡಿ ಅಯ್ನೋರೆ. ಅಡ್ಡ ಗೀಚಿದ್ರೆ ನಾರು ಕಿತ್ಕತದೆ. ಎಲ್ಲೆಲ್ಲಿ ಬೇಕು ಯೋಳಿ, ನಾನೇ ಮಾಡ್ಕೊಡ್ತೀನಿ.”

“ಅವ್ವ, ನಿಮ್ಮ ಕೆತ್ತನೆ ಕೆಡ್ತದೆ. ಮದುವೆಗೆ ಅಂತ ಮಾಡಿದ್ದು.”

“ಗಿಳಿಗೆ ನಾಕು ಚುಕ್ಕಿ ಹೆಚ್ಚಾದ್ರೆ ಹಾರೋಯ್ತದಾ? ನಿಮ್ ಕೆಲ್ಸ ಉಳೀಲಿ ಬುಡಿ.”

ಅವಳು ಹೊಂಗೆಕಾಯಿಯಷ್ಟು ಚಿಕ್ಕ, ಬಾಗಿದ ಬಾಯಿಯ ಉಳಿಯೊಂದನ್ನು ಆರಿಸಿಕೊಂಡಳು. ಚಂದ್ರಯ್ಯ ತನ್ನ ತೋಳಿನ ಹಳೆಯ ಗುರುತು ತೋರಿಸಿದ. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿ, ಅಂಚು ಎಷ್ಟು ಉಬ್ಬಿದೆ, ನಡು ಎಷ್ಟು ತಗ್ಗಿದೆ ಎಂದು ಲೆಕ್ಕ ಹಿಡಿದಳು. ಆಮೇಲೆ ಹುಟ್ಟಿನ ಹಿಡಿಯನ್ನು ಅವನ ಕೈಗೆ ಕೊಟ್ಟು, “ಅಳ್ಳಾಡ್ದಂಗೆ ಹಿಡ್ಕಳಿ” ಎಂದು ಉಳಿಯನ್ನು ಊರಿ ಒಂದು ಸುತ್ತು ತಿರುಗಿಸಿದಳು. ಸಾಸಿವೆಯಷ್ಟು ಸಣ್ಣ ಸುರುಳಿಯೊಂದು ಎದ್ದು ಬಿತ್ತು. ಮರದಲ್ಲಿ ಪುಟ್ಟ ಬಟ್ಟಲಿನಂಥ ಕಲೆ ಉಳಿಯಿತು, ಥೇಟು ಕೂಸಿನ ತೋಳಿನದೇ. ಮೊದಲ ಹುಟ್ಟಿಗೆ ಮೂರನೆಯ ಕಲೆ ಹಾಕುವಾಗ ಚಂದ್ರಯ್ಯ ತನಗೆ ಗೊತ್ತಿಲ್ಲದೆಯೇ “ಆಯ್ತು ಕಂದ, ಇನ್ನೊಂದೇ” ಎಂದ. ದೊಡ್ಡತಾಯಮ್ಮ ನಗಲಿಲ್ಲ. ನಾಲ್ಕನೆಯದನ್ನು ಇನ್ನಷ್ಟು ಮೆಲ್ಲಗೆ ತಿರುಗಿಸಿದಳು.

ನೀಲಾಂಬಿಕೆ ಕಳಿಸಿದ್ದ ಪೊಟ್ಟಣ ನೆನಪಾಗಿ ಅವನು ಅಂದೇ ಕೊಟ್ಟ. “ನನ್ನ ಹೆಂಡತಿ ಬಾಣಂತಿಗೆ ಅಂತ ಕೊಟ್ಟಿದ್ದಳು.” ಮಕ್ಕಳಿಲ್ಲದ ದೊಡ್ಡತಾಯಮ್ಮ ಪೊಟ್ಟಣ ಬಿಚ್ಚಿ, ಒಣಶುಂಠಿಯನ್ನು ಮೂಸಿ ನೋಡಿ, “ಯಾರೂ ಕೊಟ್ಟಿರ್ನಿಲ್ಲ” ಎಂದಷ್ಟೇ ಹೇಳಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಆರನೆಯ ದಿನ ಚನ್ನರಾಯಪಟ್ಟಣದ ವರ್ತಕ ಪಂಚಾಕ್ಷರಯ್ಯ ಗಾಡಿ ಕಟ್ಟಿಕೊಂಡು ಬಂದ. ಮಗಳ ಮದುವೆಗೆ ಮೂರು ಹುಟ್ಟು ಹೇಳಿದ್ದನಂತೆ.

“ಎಂಟು ದಿನ ಕಳ್ಸಂಗಿಲ್ಲ ಸಾವ್ಕಾರ್ರೆ. ದಾಕು ಹಾಕವ್ರೆ” ಎಂದಳು ದೊಡ್ಡತಾಯಮ್ಮ.

ಪಂಚಾಕ್ಷರಯ್ಯ ಹುಟ್ಟುಗಳನ್ನು ನೋಡಿದ, ಚಂದ್ರಯ್ಯನ ಬಾಡಿದ ಮುಖ ನೋಡಿದ. ಏನು ಅರ್ಥ ಮಾಡಿಕೊಂಡನೋ, ದನಿ ತಗ್ಗಿಸಿ, “ಜ್ವರ ಏನೂ ಬಂದಿಲ್ಲವಷ್ಟೆ?” ಎಂದು ಕೇಳಿ, ಇಲ್ಲವೆಂದ ಮೇಲೆ, “ಹಾಗಾದರೆ ಗಾಳಿಗೆ ಇಡಬೇಡಿ” ಎಂದು ಗಾಡಿ ತಿರುಗಿಸಿದ.

ಎಂಟನೆಯ ದಿನ ದೇವರಾಜು ಸೈಕಲ್ಲಿನಲ್ಲಿ ಬಂದ. ತಲೆಗೆ ಹ್ಯಾಟು, ಕಾಲಿಗೆ ಧೂಳು. ಪಟೇಲ ತನ್ನ ಮನೆಯ ಜಮಖಾನವನ್ನೇ ತಂದು ದೊಡ್ಡತಾಯಮ್ಮನ ಅಂಗಳದಲ್ಲಿ ಹಾಸಿದ್ದ. ಮೇಲೆ ಗಂಡು ಒಂದು ಸಾಲು, ಹೆಣ್ಣು ಒಂದು ಸಾಲು. ಊರೆಲ್ಲ ಸುತ್ತ ನಿಂತಿತ್ತು. ಚಂದ್ರಯ್ಯ ಜಮಖಾನದ ತಲೆಯ ಕಡೆ ಕೈ ಕಟ್ಟಿ ನಿಂತಿದ್ದ.

“ಶಿಶುಗಳೆಲ್ಲಿ ಚಂದ್ರಯ್ಯ?”

“ಇವೇ ಸಾರ್.”

ದೇವರಾಜು ಜಮಖಾನದ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು.

“ಏನ್ರೀ ಇದು? ಸರ್ಕಾರದ ಜೊತೆ ಚೇಷ್ಟೆನಾ?”

“ತಮಗೆ ಬರೆದು ಕೇಳಿದ್ದೆ ಸಾರ್, ಹಲಸಿನ ಜಾತಿ ಅಂತ. ತಾವು ಭೇದ ಇಲ್ಲ ಅಂದಿರಿ.”

“ಸೌಟಿಗೆ ದಾಕು ಹಾಕು ಅಂದೆನೇನ್ರೀ? ಇಳಿಸಿ ಆ ಚೀಲ! ಈಗಿಂದೀಗಲೇ ವಜಾ!”

ಚಂದ್ರಯ್ಯ ಚೀಲವನ್ನು ಹೆಗಲಿನಿಂದ ಇಳಿಸಿದ. ಅದು ಇದ್ದ ಜಾಗದಲ್ಲಿ ಅಂಗಿಯ ಬಣ್ಣ ಮಾಸದೆ ಉಳಿದಿತ್ತು. ಅಷ್ಟರಲ್ಲಿ ಪಟೇಲ ಚನ್ನಪ್ಪ ಮುಂದೆ ಬಂದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

“ಅಂಗಂದ್ರೆ ಎಂಗೆ ಸಾ? ನೀವೇ ಓದ ಕಾರ್ತೀಕದಾಗೆ ಬಂದು ಎಲ್ಲಾ ನೋಡಿ ಚೆಂದಾಗವೆ ಅಂತ ಬರ್ದು ಓಗಿದ್ದೀರಲ್ಲ!”

“ನಾನಾ?”

ಪಟೇಲ ರಿಜಿಸ್ಟರು ಬಿಚ್ಚಿ ಬೆರಳಿಟ್ಟು ತೋರಿಸಿದ. ಕೆಂಪು ಮಸಿಯಲ್ಲಿ, ದೇವರಾಜುವಿನದೇ ಕೈಯಲ್ಲಿ ಬರೆದಿತ್ತು: ‘ಗ್ರಾಮಕ್ಕೆ ಖುದ್ದು ಭೇಟಿ ಕೊಟ್ಟು ಹದಿನೇಳು ಶಿಶುಗಳನ್ನೂ ಎತ್ತಿ ನೋಡಿದೆ. ಮೈಕಟ್ಟು ಗಟ್ಟಿ. ತೂಕ ತೃಪ್ತಿಕರ. ತಾಯಿಯ ಆರೈಕೆ ಮೆಚ್ಚತಕ್ಕದ್ದು.’ ಕೆಳಗೆ ರುಜು, ತಾರೀಖು, ಮೊಹರು.

“ರಿಜಿಸ್ಟರು ತಾಲ್ಲೂಕಿಗೆ ಓಗಿದ್ದಾಗ್ಲೇ ನೀವು ಊರಿಗೆ ಬಂದೋಗಿದ್ದೀರಿ ಸಾ. ಒಂದು ನಾಯಿ ಕೂಡ ಬೊಗಳ್ನಿಲ್ಲ. ಅದೆಷ್ಟು ಸದ್ದಿಲ್ದಂಗೆ ಬಂದು ಎತ್ತಿ ನೋಡಿ ಓದ್ರೋ ಅಂತ ಊರೆಲ್ಲ ಮಾತಾಡ್ಕಂಡ್ವಿ” ಎಂದ ಪಟೇಲ, ಭಕ್ತಿಯಿಂದ.

“ಗಟ್ಟಿ ಅಂತ ಬರ್ದಿದ್ದು ಕೇಳಿ ನಂಗೆ ಅದೆಷ್ಟು ಖುಷಿ ಆತು ಸಾ” ಎಂದಳು ದೊಡ್ಡತಾಯಮ್ಮ. “ಮರದ ಕೆಲ್ಸ ಗೊತ್ತಿರೋರೇ ಇರ್ಬೇಕು ಅಂದ್ಕಂಡೆ.”

ದೇವರಾಜು ಹ್ಯಾಟು ತೆಗೆದ. ಮತ್ತೆ ಹಾಕಿಕೊಂಡ. ಇವು ಸೌಟೆಂದರೆ ಕಾರ್ತಿಕದಲ್ಲಿ ಎತ್ತಿ ನೋಡಿದ್ದು ಏನನ್ನು? ಎತ್ತಿ ನೋಡಿದ್ದು ನಿಜವೆಂದರೆ ಇವು ಶಿಶುಗಳೇ ಆಗಬೇಕು. ದೊಡ್ಡತಾಯಮ್ಮ ಒಳಗಿನಿಂದ ಮಜ್ಜಿಗೆ ತಂದು ಕೊಟ್ಟು, ಕೂರಲು ತಾನು ಕೆತ್ತುವ ಮಣೆಯನ್ನೇ ಸರಿಸಿದಳು. ಅವನು ಕುಡಿದ. ಕುಡಿದು ಚೊಂಬನ್ನು ಕೆಳಗಿಟ್ಟ.

“ಚಂದ್ರಯ್ಯ” ಎಂದ ಕೊನೆಗೆ, ಮೆಲ್ಲಗೆ. “ಪಟ್ಟಿ ತಗೊಳ್ಳಿ. ಚೀಲ ಹಾಗೆ ನೆಲದ ಮೇಲೆ ಇಡಬೇಡಿ, ಇರುವೆ ಹತ್ತುತ್ತವೆ.”

ಪರೀಕ್ಷೆ ಶುರುವಾಯಿತು. ದೇವರಾಜು ಒಂದೊಂದನ್ನೇ ಎತ್ತಿ, ಬೆಳಕಿಗೆ ತಿರುಗಿಸಿ, ಹಿಡಿಯ ಮೇಲಿನ ಕಲೆಗಳನ್ನು ಬೆರಳಿನಿಂದ ಸವರಿ, “ಕಚ್ಚಿದೆ” ಎನ್ನುತ್ತಿದ್ದ. ಚಂದ್ರಯ್ಯ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದ. ಮೊದಲ ನಾಲ್ಕೈದನ್ನು ದೇವರಾಜು ಬೇಗ ಬೇಗ ಇಳಿಸಿದ. ಗಿಳಿ ಕೈಗೆ ಬಂದಾಗ ಯಾಕೋ ನಿಧಾನವಾದ. ಬಳ್ಳಿಯದ್ದನ್ನು ಎರಡು ಸಲ ತಿರುಗಿಸಿ ನೋಡಿದ. ಹನ್ನೆರಡನೆಯದರಲ್ಲಿ ಗಂಟು ಅಡ್ಡ ಬಂದು ಮೂರೇ ಕಲೆ ಬಿದ್ದಿದ್ದವು.

“ಇದಕ್ಕೆ ಮೂರೇ ಕಚ್ಚಿದೆ.”

“ಅದು ಹುಟ್ಟಿದಾಗ್ಲಿಂದ್ಲೂ ಮೊಂಡು ಸಾ” ಎಂದಳು ದೊಡ್ಡತಾಯಮ್ಮ.

“ಮೂರಾದರೂ ಸಾಕು” ಎಂದು ದೇವರಾಜು ಅದನ್ನು ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡ. ಹದಿನೇಳಕ್ಕೆ ಹದಿನೇಳು. ಚಂದ್ರಯ್ಯನ ಉಸಿರು ಅರ್ಧ ವಾಪಸು ಬಂತು.

ಇನ್ನರ್ಧ ಬರುವಷ್ಟರಲ್ಲಿ ಸುಬ್ಬಮ್ಮನ ಕೂಸು ಅವಳ ಸೊಂಟದಿಂದ ಬಗ್ಗಿ ಇನ್ಸ್‌ಪೆಕ್ಟರ ಹ್ಯಾಟಿಗೆ ಕೈ ಹಾಕಿತು. ಚಾಚಿದ ತೋಳಿನ ಮೇಲೆ ನಾಲ್ಕು ಹಸಿ ಗುಳ್ಳೆ. ದೇವರಾಜು ಸುತ್ತ ನೋಡಿದ. ಸೊಂಟಸೊಂಟದಲ್ಲೂ ಕೂಸು, ತೋಳುತೋಳಲ್ಲೂ ದಾಕು.

“ಇವು ಯಾವುವು?”

“ಇವು ಕೂಸುಗಳು ಸಾರ್” ಎಂದ ಚಂದ್ರಯ್ಯ.

“ಪಟ್ಟಿಯಲ್ಲಿ ಇವೆಯೋ?”

“ಇಲ್ಲ ಸಾರ್.”

“ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸರ್ಕಾರದ ಮದ್ದು ಹೇಗ್ರೀ ಹಾಕಿದಿರಿ? ಇವು ಹುಟ್ಟೇ ಇಲ್ಲವಲ್ಲ! ಮೇಲಿನವರು ಬಂದು ಕೇಳಿದರೆ ನಾನು ಏನಂತ ಬರೀಲಿ?”

ಸುಬ್ಬಮ್ಮ ಕೂಸನ್ನು ಇನ್ನಷ್ಟು ಒತ್ತಿಕೊಂಡು, “ಊಟ ಬುಟ್ಟು ಎರಡು ದಿನ ಆಡ್ಸಿ ಹಾಕವ್ರೆ ಸಾ. ನನ್ ಮಗ ಒಂದನಿ ಅಳ್ನಿಲ್ಲ. ಆ ಮಾರಾಯ್ರ ಕೆಲ್ಸ ಕಳೀಬ್ಯಾಡಿ” ಎಂದಳು.

ಆಗ ಪಟೇಲ ಚನ್ನಪ್ಪನ ಮುಖ ಅರಳಿತು. “ಒಂದು ಕಾಗದ ಖಾಲಿ ಅದೆ ಸಾ!” ಎಂದು ರಿಜಿಸ್ಟರಿನ ಒಳಗಿನಿಂದ ಮಡಿಸಿದ ಹಾಳೆ ತೆಗೆದ. “‘ಮನೆಗಳಲ್ಲಿ ಕೈಯಾರೆ ತಯಾರಾದ ಇತರೆ.’ ಇದ್ರಾಗೆ ಬರ್ಕಂಡ್ರೆ ಆಗಲ್ವಾ? ಎಲ್ಲಾ ಮನೇಲೇ ತಯಾರಾದವು.”

ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಬೋರಪ್ಪ ಹಿಂದಿನಿಂದ, “ಕೈಯಾರೆ ಅಂತ ಅದೆ ಕಣೋ ಪಟೇಲ!” ಎಂದ.

ದೇವರಾಜು ಹಾಳೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದ. ಅದು ಕೈಗಾರಿಕೆಯವರ ನಮೂನೆ. ತನ್ನ ಇಲಾಖೆಗೆ ಸೇರಿದ್ದಲ್ಲ. ಅದರಲ್ಲಿ ಏನಿದ್ದರೂ ತಾನು ಉತ್ತರ ಕೊಡಬೇಕಾಗಿಲ್ಲ.

“ಬರೆದುಕೊಳ್ಳಿ” ಎಂದ.

ಪಟೇಲ ದುಂಡಕ್ಷರದಲ್ಲಿ ಬರೆದ: ‘ಇತರೆ, ಒಂಬತ್ತು. ಮಾರಾಟಕ್ಕಿಲ್ಲ.’

ದೇವರಾಜು ದಾಕಿನ ಪಟ್ಟಿಯ ಕೆಳಗೆ ‘ಹದಿನೇಳಕ್ಕೆ ಹದಿನೇಳು ಕಚ್ಚಿದೆ, ಚಂದ್ರಯ್ಯನ ಕೆಲಸ ಸರಿಯಾಗಿದೆ’ ಎಂದು ಬರೆದು ರುಜು ಹಾಕಿದ. ಎದ್ದು ಹೊರಡುವಾಗ ತೊಡೆಯ ಮೇಲಿದ್ದ ಮೂರು ಕಲೆಯ ಹುಟ್ಟನ್ನು ಕೆಳಗಿಡಲು ಬಗ್ಗಿದ, ಇಡಲಿಲ್ಲ.

“ಮಡಿಕ್ಕಳಿ ಸಾ” ಎಂದಳು ದೊಡ್ಡತಾಯಮ್ಮ. “ನಿಮ್ ಮನೆಯಮ್ಮಾರು ಸಾರು ಬಡ್ಸಲಿ.”

ಪಟೇಲ ತಟ್ಟನೆ ಲೇಖನಿ ತೆಗೆದ. “ಅಂಗಾರೆ ಒಂದು ಕಡಿಮೆ ಆತದೆ. ಏನಂತ ಬರೀಲಿ ಸಾ? ದತ್ತು ಅಂತ ಬರೀಲಾ?”

ದೇವರಾಜು ಅವನನ್ನು ನೋಡಿದ, ಚಂದ್ರಯ್ಯನನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. “ಬರೀರಿ” ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಹ್ಯಾಟಿನೊಳಗೆ ಮಲಗಿಸಿ, ಹ್ಯಾಟನ್ನು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿದ. ಬರಿದಲೆಯಲ್ಲೇ ಸೈಕಲ್ಲು ತಳ್ಳಿಕೊಂಡು ಊರ ಮುಂದಿನವರೆಗೆ ಚಂದ್ರಯ್ಯನ ಜೊತೆ ನಡೆದ. ಕಣದ ಹತ್ತಿರ ಬಂದ ಮೇಲೆ ಕೇಳಿದ.

“ಮುಂದಿನ ಊರಿನ ಪಟ್ಟಿ ನೋಡಿದಿರಾ?”

“ನೋಡಿದೆ ಸಾರ್. ಇಪ್ಪತ್ತೆರಡಿವೆ.”

“ಎಲ್ಲಾ ಅಳುವಂಥವೇ ತಾನೆ?”

ಚಂದ್ರಯ್ಯ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ಹೋಗಿ ನೋಡಬೇಕು ಸಾರ್” ಎಂದ.